ರಕ್ತಾರ್ಬುದ: ಸ್ವದೇಶೀ ವಿದ್ಯೆ ಮತ್ತು ನಮ್ಮ ಕರ್ತವ್ಯ

೨೦೨೪ನೆಯ ಇಸವಿ ಏಪ್ರಿಲ್ ೪ರಂದು ಮುಂಬಯಿಯ ಐ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ರಾಷ್ಟ್ರಪತಿಗಳಾದ ಶ್ರೀಮತಿ ದ್ರೌಪದಿ ಮುರ್ಮು ಅವರು ರಕ್ತದ ಕ್ಯಾನ್ಸರಿಗೆ ನಮ್ಮ ದೇಶದಲ್ಲಿಯೇ ಸಿದ್ಧವಾದ ಹೊಸ ಚಿಕಿತ್ಸೆಯೊಂದನ್ನು ಲೋಕಾರ್ಪಣ ಮಾಡಿದರು. ಅದು ಮಹಾಚುನಾವಣೆಯ ಕಾಲ. ಪತ್ರಿಕೆಗಳು ಈ ವಾರ್ತೆಯನ್ನು ಒಂದು ದಿನ ಕೊಂಡಾಡಿ ಮರುದಿನವೇ ಉಮೇದುವಾರರ ಜಾತಿ-ಗೋತ್ರಗಳ ವಿಚಾರಕ್ಕೆ ಹಿಂದಿರುಗಿದುವು. ಆ ದಿನದ ಸಂತೋಷವು ಸಕಾರಣವಾದುದೇ ಸರಿ. ಆದರೆ ಒಂದು ದೇಶದಲ್ಲಿ ಔಷಧವು ಹುಟ್ಟುವುದು ಬೇರೆ, ಆ ದೇಶದ ರೋಗಿಯ ಕೈಗೆ ಅದು ಸೇರುವುದು ಬೇರೆ. ಮೊದಲನೆಯದು ವಿದ್ವಾಂಸರ ಕೆಲಸ. ಅದನ್ನು ಅವರು ಬಹುಮಟ್ಟಿಗೆ ನೆರವೇರಿಸಿರುವರು. ಎರಡನೆಯದು ಸರಕಾರದವರ ಮತ್ತು ನಾಗರಿಕರ ಕೆಲಸ. ಅದು ಎಷ್ಟರಮಟ್ಟಿಗೆ ನಡೆದಿದೆಯೆಂಬುದನ್ನು ವಾಚಕ ಮಹಾಶಯರೊಡನೆ ಶಾಂತಚಿತ್ತದಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ರಕ್ತಾರ್ಬುದವೆಂಬ ಹೆಸರನ್ನು ಕೇಳಿದೊಡನೆ ನಮ್ಮ ಮನೆಗಳಲ್ಲಿ ದೀಪ ಆರಿದಂತಾಗುವುದು. ಹೆಂಗಸರು ಆ ಹೆಸರನ್ನು ಉಚ್ಚರಿಸುವುದಕ್ಕೂ ಅಂಜುವರು. ಗಂಡಸರು ಹೊಲವನ್ನು ಮಾರುವ ಮಾತೆತ್ತುವರು. ನೆಂಟರು ಕರ್ಮಫಲವೆಂದು ಸಮಾಧಾನ ಹೇಳುವರು. ಈ ಭಯವು ನಿರಾಧಾರವಾದುದಲ್ಲ, ಆದರೆ ಹಳೆಯದು. ಎಲುಬಿನೊಳಗಣ ಮಜ್ಜೆಯಲ್ಲಿ ನಮ್ಮ ರಕ್ತದ ಕಣಗಳೆಲ್ಲವೂ ಹುಟ್ಟುವುವು. ಅಲ್ಲಿ ಒಂದು ಬಿಳಿಯ ಕಣವು ಕ್ರಮ ತಪ್ಪಿ ತನ್ನಂಥವನ್ನೇ ಅಳತೆಯಿಲ್ಲದೆ ಹುಟ್ಟಿಸತೊಡಗಿದರೆ ಉಳಿದ ಕಣಗಳಿಗೆ ಎಡೆಯಿಲ್ಲದಂತಾಗುವುದು. ಕೆಂಪುಕಣಗಳು ಕಡಮೆಯಾಗಿ ಮೈ ಬಿಳಿಚುವುದು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಮೆಯಾಗಿ ವಸಡಿನಲ್ಲಿ ರಕ್ತ ಒಸರುವುದು. ನಿಜವಾದ ಕಾವಲಿನ ಕಣಗಳಿಲ್ಲದೆ ಜ್ವರ ಮೇಲಿಂದ ಮೇಲೆ ಬರುವುದು. ಇದಕ್ಕೆ ಲ್ಯುಕೇಮಿಯಾ ಎಂದು ಹೆಸರು. ಗಳಲೆಗಳಲ್ಲಿ ನೆಲಸಿದುದು ಲಿಂಫೋಮಾ. ಮಜ್ಜೆಯಲ್ಲಿದ್ದುಕೊಂಡು ಎಲುಬನ್ನೇ ತಿನ್ನುವುದು ಮೈಲೋಮಾ. ೧೮೪೫ರಲ್ಲಿ ಎಡಿನ್‌ಬರೋ ನಗರದ ಬೆನೆಟ್ ಮತ್ತು ಬರ್ಲಿನ್ನಿನ ವಿರ್ಷೋ ಎಂಬ ವೈದ್ಯರು ಈ ರೋಗವನ್ನು ವರ್ಣಿಸಿದರು. ಅಂದಿನಿಂದ ಸುಮಾರು ನೂರು ವರ್ಷಗಳ ಕಾಲ ವೈದ್ಯರು ಇದಕ್ಕೆ ಹೆಸರಿಡಬಲ್ಲವರಾಗಿದ್ದರೇ ಹೊರತು ಇದನ್ನು ಗುಣಪಡಿಸಬಲ್ಲವರಾಗಿರಲಿಲ್ಲ.

ಆ ನೂರು ವರ್ಷಗಳ ಕತ್ತಲೆಯಲ್ಲಿ ಮೊದಲ ಬೆಳಕು ಕಂಡ ಕಥೆಯನ್ನು ನಮ್ಮ ಪಾಠಶಾಲೆಗಳಲ್ಲಿ ಹೇಳಿಕೊಡಬೇಕಾಗಿದ್ದಿತು, ಹೇಳಿಕೊಡುತ್ತಿಲ್ಲ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಗಿರಣಿಗಳ ಬಡ ಕೂಲಿಹೆಂಗಸರಿಗೆ ಗರ್ಭಕಾಲದಲ್ಲಿ ಬರುತ್ತಿದ್ದ ರಕ್ತಹೀನತೆಯ ಕಾರಣವನ್ನು ಶೋಧಿಸಿದಳು. ಯೀಸ್ಟಿನ ಸಾರವನ್ನು ಉಣ್ಣಿಸಿದರೆ ಅವರ ರಕ್ತವು ತುಂಬಿಕೊಳ್ಳುವುದೆಂದು ೧೯೩೧ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ವಸ್ತುವೇ ಇಂದು ಬಸುರಿಯರಿಗೆಲ್ಲ ಗುಳಿಗೆಯಾಗಿ ಕೊಡಲ್ಪಡುತ್ತಿರುವ ಫೋಲಿಕ್ ಆಮ್ಲ. ಅದನ್ನು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ನಾಯಕರು ನಮ್ಮ ನೆರೆಯ ಆಂಧ್ರದವರೇ ಆದ ಯಲ್ಲಾಪ್ರಗಡ ಸುಬ್ಬರಾವ್ ಅವರು.

ಸುಬ್ಬರಾಯರು ೧೮೯೫ರಲ್ಲಿ ಭೀಮವರದಲ್ಲಿ ಜನಿಸಿದವರು. ಮದರಾಸಿನ ವೈದ್ಯಕಾಲೇಜಿನಲ್ಲಿ ಓದುತ್ತಿದ್ದಾಗ ಮಹಾತ್ಮರ ಕರೆಗೆ ಓಗೊಟ್ಟು ಖಾದಿಯನ್ನು ಧರಿಸಿದುದಕ್ಕಾಗಿ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಪೂರ್ಣ ಪದವಿಗೆ ಬದಲಾಗಿ ಕೆಳಗಣ ಪದವಿಯನ್ನು ಪಡೆದರೆಂದು ಅವರ ಚರಿತ್ರಕಾರರು ಬರೆದಿರುವರು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ಅನಂತರ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ದುಡಿದರು. ಅವರ ಸಹೋದರರಿಬ್ಬರು ರಕ್ತಹೀನತೆಯನ್ನು ತರುವ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು. ಆ ಕಾಯಿಲೆಗೆ ಉಪಕಾರಿಯಾದ ಫೋಲಿಕ್ ಆಮ್ಲವು ಸಹೋದರನ ಕೈಯಿಂದಲೇ ಸಿದ್ಧವಾಯಿತು. ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಈ ಆಮ್ಲದ ಬಗೆಗಳನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟು ನೋಡಿದರು. ರೋಗವು ಇಳಿಯುವುದಕ್ಕೆ ಬದಲಾಗಿ ಏರಿದಂತೆ ಕಂಡಿತು. ಹಾಗಾದರೆ ಈ ಆಮ್ಲದ ಕೆಲಸವನ್ನು ತಡೆಯುವ ವಸ್ತುವನ್ನು ಕೊಟ್ಟರೆ ರೋಗಕ್ಕೆ ಉಪವಾಸ ಬೀಳಬೇಕಲ್ಲವೆ ಎಂದು ಅವರು ತರ್ಕಿಸಿದರು. ಅಂಥ ವಸ್ತುವಾದ ಅಮಿನೊಪ್ಟೆರಿನ್ ಸುಬ್ಬರಾಯರ ತಂಡದಿಂದ ಬಂದಿತು. ೧೯೪೮ರ ಜೂನ್ ತಿಂಗಳಲ್ಲಿ ಫಾರ್ಬರರು ಫಲಿತಾಂಶವನ್ನು ಪ್ರಕಟಿಸಿದರು: ೧೬ ಮಕ್ಕಳ ಪೈಕಿ ೧೦ ಮಕ್ಕಳಲ್ಲಿ ರೋಗವು ಕೆಲಕಾಲ ಹಿಮ್ಮೆಟ್ಟಿತ್ತು. ಆ ಉಪಶಮನವು ತಾತ್ಕಾಲಿಕವಾದುದು, ಮಕ್ಕಳು ಉಳಿಯಲಿಲ್ಲ. ಆದರೆ ಈ ರೋಗವನ್ನು ಔಷಧದಿಂದ ಹಿಮ್ಮೆಟ್ಟಿಸಬಹುದೆಂಬುದು ಜಗತ್ತಿಗೆ ಖಚಿತವಾಗಿ ತಿಳಿದುದು ಅಂದೇ. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು ತೀರಿಕೊಂಡರು. ಕೊನೆಯವರೆಗೂ ಅಮೆರಿಕದ ಪೌರತ್ವವನ್ನು ಪಡೆಯಲಿಲ್ಲ. ಅವರ ಔಷಧದ ಸೋದರವಾದ ಮೆಥೊಟ್ರೆಕ್ಸೇಟ್ ಇಂದಿಗೂ ಪ್ರಪಂಚದ ಪ್ರತಿಯೊಂದು ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯಲ್ಲಿದೆ.

ಅನಂತರದ ಕಾರ್ಯವು ಹಂತಹಂತವಾಗಿ ನಡೆಯಿತು. ಹಿಚಿಂಗ್ಸ್ ಮತ್ತು ಎಲಿಯನ್ ಎಂಬವರು ಮರ್ಕಾಪ್ಟೊಪ್ಯೂರಿನನ್ನು ಕಂಡುಹಿಡಿದರು. ನಮ್ಮ ಅಂಗಳಗಳಲ್ಲಿ ಪೂಜೆಗಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದಲೇ ವಿಂಕ್ರಿಸ್ಟಿನ್ ಎಂಬ ಔಷಧವು ದೊರೆಯಿತು. ೧೯೬೨ರಿಂದ ಮೆಂಫಿಸ್ ನಗರದ ಡೊನಾಲ್ಡ್ ಪಿಂಕೆಲ್ ಎಂಬವರು ಈ ಔಷಧಗಳನ್ನು ಒಂದೊಂದಾಗಿ ಕೊಡದೆ ಕೂಡಿಸಿ, ಕ್ರಮವರಿತು, ವರ್ಷಗಟ್ಟಲೆ ಕೊಡುವ ಪದ್ಧತಿಯನ್ನು ಹಾಕಿಕೊಟ್ಟರು. ಅದರ ಫಲವಾಗಿ ಇಂದು ಸಂಪನ್ನ ದೇಶಗಳಲ್ಲಿ ಮಕ್ಕಳ ತೀವ್ರ ಲಿಂಫಾಯಿಡ್ ಲ್ಯುಕೇಮಿಯಾ ರೋಗದಲ್ಲಿ ನೂರಕ್ಕೆ ಸುಮಾರು ೯೦ ಮಕ್ಕಳು ಉಳಿಯುತ್ತಿರುವರು. ವಾಚಕರು ಇದನ್ನು ಚೆನ್ನಾಗಿ ಮನಗಾಣಬೇಕು. ಈ ಚಿಕಿತ್ಸೆಯ ಬೆನ್ನೆಲುಬಾಗಿರುವ ಔಷಧಗಳು ಹಳೆಯವು; ಅವುಗಳ ಪೇಟೆಂಟ್ ಅವಧಿ ಎಂದೋ ಮುಗಿದಿದೆ; ಅವು ನಮ್ಮ ದೇಶದ ಕಾರಖಾನೆಗಳಲ್ಲಿ ತಯಾರಾಗುತ್ತಿವೆ. ಹೀಗಿರಲು ಭಾರತದಲ್ಲಿ ಉಳಿಯುವ ಮಕ್ಕಳ ಸಂಖ್ಯೆ ಅಷ್ಟಿಲ್ಲದಿರುವುದಕ್ಕೆ ವಿದ್ಯೆಯ ಅಭಾವವು ಕಾರಣವೆಂದು ಹೇಳಲು ಬಾಯಿಲ್ಲ.

ಎರಡನೆಯ ದೊಡ್ಡ ಜಯವು ದೊಡ್ಡವರನ್ನು ಹೆಚ್ಚಾಗಿ ಹಿಡಿಯುವ ದೀರ್ಘಕಾಲಿಕ ಮೈಲಾಯಿಡ್ ಲ್ಯುಕೇಮಿಯಾ ರೋಗದ ಮೇಲೆ ದೊರೆಯಿತು. ೧೯೬೦ರಲ್ಲಿ ಫಿಲಡೆಲ್ಫಿಯಾ ನಗರದ ನೊವೆಲ್ ಮತ್ತು ಹಂಗರ್‌ಫರ್ಡ್ ಎಂಬವರು ಈ ರೋಗಿಗಳ ಕಣಗಳಲ್ಲಿ ಒಂದು ಮೊಟಕಾದ ವರ್ಣತಂತುವನ್ನು ಕಂಡರು. ೯ನೆಯ ಮತ್ತು ೨೨ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುವುದೇ ಇದರ ಮೂಲವೆಂದು ೧೯೭೩ರಲ್ಲಿ ಜ್ಯಾನೆಟ್ ರೌಲಿ ಎಂಬ ವಿದುಷಿಯು ತೋರಿಸಿದಳು. ಆ ಅದಲುಬದಲಿನಿಂದ ಹುಟ್ಟಿದ ಒಂದು ದುಷ್ಟ ಕಿಣ್ವವೇ ಕಣಗಳನ್ನು ಬಿಡುವಿಲ್ಲದೆ ಬೆಳೆಸುತ್ತಿತ್ತು. ಅದೊಂದನ್ನೇ ಗುರಿಯಿಟ್ಟು ತಡೆಯುವ ಇಮಾಟಿನಿಬ್ ಎಂಬ ಗುಳಿಗೆಗೆ ೨೦೦೧ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲು ಕೆಲವೇ ವರ್ಷಗಳಲ್ಲಿ ಮುಗಿಯುತ್ತಿದ್ದ ಬಾಳುವೆಯು ಈಗ ದಿನಕ್ಕೊಂದು ಗುಳಿಗೆಯಿಂದ ಬಹುಮಂದಿಗೆ ಸಹಜಾಯುಷ್ಯದ ಸಮೀಪಕ್ಕೆ ಬಂದಿದೆ.

ಆದರೆ ಆ ಗುಳಿಗೆಯ ಬೆಲೆಯೇನು? ನೊವಾರ್ಟಿಸ್ ಕಂಪೆನಿಯವರ ಗುಳಿಗೆಗೆ ತಿಂಗಳಿಗೆ ಸುಮಾರು ೧ ಲಕ್ಷ ೨೦ ಸಾವಿರ ರೂಪಾಯಿ; ಅದೇ ಔಷಧವನ್ನು ಭಾರತೀಯ ತಯಾರಕರು ಸುಮಾರು ೮-೧೦ ಸಾವಿರ ರೂಪಾಯಿಗೆ ಕೊಡುತ್ತಿದ್ದರು. ಕಂಪೆನಿಯವರು ಅದರ ಒಂದು ಹರಳುರೂಪಕ್ಕೆ ಇಲ್ಲಿ ಪೇಟೆಂಟ್ ಬೇಡಿದರು. ತಿಳಿದ ವಸ್ತುವಿಗೆ ಹೊಸ ರೂಪ ಕೊಟ್ಟಮಾತ್ರಕ್ಕೆ ಹಕ್ಕು ಹುಟ್ಟದು, ಗುಣವು ಹೆಚ್ಚಿರಬೇಕು ಎಂಬ ನಮ್ಮ ಕಾನೂನಿನ ೩(ಡಿ) ಪ್ರಕರಣವನ್ನು ಎತ್ತಿಹಿಡಿದು, ೨೦೧೩ರ ಏಪ್ರಿಲ್ ೧ರಂದು ಸುಪ್ರೀಂ ಕೋರ್ಟಿನವರು ಆ ಬೇಡಿಕೆಯನ್ನು ತಳ್ಳಿಹಾಕಿದರು. ಆ ಕಂಪೆನಿಯವರು ಅನೇಕ ರೋಗಿಗಳಿಗೆ ಧರ್ಮಾರ್ಥವಾಗಿ ಔಷಧವನ್ನು ಕೊಡುತ್ತಿದ್ದರೆಂಬುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಬೇಕು. ಆದರೆ ಒಬ್ಬರ ದಯೆಯಿಂದ ಬದುಕುವುದಕ್ಕೂ ಕಾನೂನಿನ ಬಲದಿಂದ ಬದುಕುವುದಕ್ಕೂ ಇರುವ ಅಂತರವನ್ನು ಪರಾಧೀನತೆಯನ್ನು ಅನುಭವಿಸಿದ ದೇಶಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಆ ತೀರ್ಪು ನಮ್ಮ ಅಭಿಪ್ರಾಯದಲ್ಲಿ ಸ್ವಾತಂತ್ರ್ಯಾನಂತರದ ಸ್ವದೇಶೀ ಧರ್ಮದ ಒಂದು ಮುಖ್ಯ ವಿಜಯವಾಗಿದೆ.

ಸ್ವದೇಶೀ ಎಂಬುದನ್ನು ಹಳೆಯದೆಲ್ಲವೂ ಒಳ್ಳೆಯದೆಂಬ ಅರ್ಥದಲ್ಲಿ ತೆಗೆದುಕೊಳ್ಳುವವರೂ ಉಂಟು. ಅಂಥವರಿಗೆ ಚೀನದ ದೃಷ್ಟಾಂತವು ಹಿತಕರವಾದೀತು. ಪಾಷಾಣವನ್ನು ಔಷಧವಾಗಿ ಬಳಸುವ ಸಂಪ್ರದಾಯ ನಮ್ಮ ರಸಶಾಸ್ತ್ರದಲ್ಲಿರುವಂತೆ ಅವರಲ್ಲಿಯೂ ಇದ್ದಿತು. ಹಾರ್ಬಿನ್ ನಗರದ ಝಾಂಗ್ ಟಿಂಗ್‌ಡಾಂಗ್ ಮೊದಲಾದ ವೈದ್ಯರು ೧೯೭೦ರ ದಶಕದಲ್ಲಿ ಅಂಥ ಒಂದು ನಾಡಮದ್ದನ್ನು ಪರೀಕ್ಷೆಗೆ ಒಡ್ಡಿ, ಅದರಲ್ಲಿ ಕೆಲಸಮಾಡುತ್ತಿದ್ದುದು ಆರ್ಸೆನಿಕ್ ಟ್ರೈಆಕ್ಸೈಡ್ ಎಂಬುದನ್ನೂ, ಅದು ಪ್ರೊಮೈಲೋಸಿಟಿಕ್ ಎಂಬ ಒಂದು ಬಗೆಯ ತೀವ್ರ ಲ್ಯುಕೇಮಿಯಾಕ್ಕೆ ವಿಶೇಷವಾಗಿ ಹತ್ತುವುದೆಂಬುದನ್ನೂ ಗೊತ್ತುಮಾಡಿದರು. ಶಾಂಘಾಯಿಯ ವಾಂಗ್ ಝೆನ್‌ಯಿ ಅವರು ಅದೇ ರೋಗಕ್ಕೆ ಎ ಜೀವಸತ್ತ್ವದ ಒಂದು ರೂಪವನ್ನು ಪ್ರಯೋಗಿಸಿ ಜಯ ಪಡೆದರು. ಈ ಎರಡನ್ನೂ ಕೂಡಿಸಿದಾಗ, ಹಿಂದೆ ಕೆಲವು ದಿನಗಳಲ್ಲಿಯೇ ಕೊಲ್ಲುತ್ತಿದ್ದ ಆ ರೋಗವು, ಸಕಾಲದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಬಹುಪಾಲು ಮಂದಿಯಲ್ಲಿ ಗುಣವಾಗುತ್ತಿದೆ. ಸಂಪ್ರದಾಯವನ್ನು ತಿರಸ್ಕರಿಸದೆ, ಪೂಜಿಸಿ ಮೂಲೆಯಲ್ಲಿಡದೆ, ಒರೆಗಲ್ಲಿಗೆ ಹಚ್ಚಿದುದರ ಫಲವಿದು. ತೂಕವನ್ನೂ ರೋಗದ ಬಗೆಯನ್ನೂ ಅರಿಯದೆ ಪಾಷಾಣದ ಭಸ್ಮವನ್ನು ನುಂಗಿಸುವವನು ವೈದ್ಯನಲ್ಲ. ಅವನ ಕೈಯಲ್ಲಿ ಆ ವಸ್ತು ವಿಷವೇ ಸರಿ.

ಈಗ ಮುಂಬಯಿಯ ಹೊಸ ಚಿಕಿತ್ಸೆಗೆ ಬರೋಣ. ಇದನ್ನು ಕಾರ್-ಟಿ ಚಿಕಿತ್ಸೆಯೆಂದು ಕರೆಯುವರು. ರೋಗಿಯ ರಕ್ತದಿಂದ ಟಿ-ಕಣಗಳೆಂಬ ಕಾವಲುಗಾರರನ್ನು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಅವಕ್ಕೆ ಒಂದು ಹೊಸ ವಂಶವಾಹಿಯನ್ನು ಸೇರಿಸುವರು. ಅದರ ಬಲದಿಂದ ಆ ಕಣಗಳು ಕ್ಯಾನ್ಸರ್ ಕಣದ ಮೈಮೇಲಣ ಸಿ.ಡಿ. ೧೯ ಎಂಬ ಗುರುತನ್ನು ಹಿಡಿಯಬಲ್ಲವಾಗುವುವು. ಹೀಗೆ ಸಿದ್ಧವಾದ ಕಣಗಳನ್ನು ಲಕ್ಷಾಂತರವಾಗಿ ಬೆಳೆಸಿ ರೋಗಿಯ ರಕ್ತಕ್ಕೇ ಹಿಂದಿರುಗಿಸುವರು. ೨೦೧೨ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್ಲ್ ಜೂನ್ ಮತ್ತವರ ಸಂಗಡಿಗರ ಈ ವಿಧಾನದಿಂದ ಒಬ್ಬ ಬಾಲಕಿಯು ಸಾವಿನ ಬಾಗಿಲಿನಿಂದ ಹಿಂದಿರುಗಿದಳು. ೨೦೧೭ರಲ್ಲಿ ಅಮೆರಿಕದ ಸರಕಾರ ಅನುಮತಿ ಕೊಟ್ಟಾಗ ಅದರ ಬೆಲೆ ೪ ಲಕ್ಷ ೭೫ ಸಾವಿರ ಡಾಲರ್; ಎಂದರೆ ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ೩ ಕೋಟಿ ರೂಪಾಯಿ.

ಮುಂಬಯಿಯ ಐ.ಐ.ಟಿ.ಯ ರಾಹುಲ್ ಪುರ್ವಾರ್ ಅವರ ತಂಡವು ಟಾಟಾ ಸ್ಮಾರಕ ಆಸ್ಪತ್ರೆಯವರೊಡನೆ ಕೂಡಿ ಇದೇ ತತ್ತ್ವದ ಚಿಕಿತ್ಸೆಯನ್ನು ಇಲ್ಲಿಯೇ ರೂಪಿಸಿತು. ೨೦೨೧ರ ಜೂನ್ ತಿಂಗಳಲ್ಲಿ ಮೊದಲ ರೋಗಿಗೆ ಕೊಡಲಾಯಿತು. ೨೦೨೩ರ ಅಕ್ಟೋಬರಿನಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಅಥವಾ ಮರುಕಳಿಸಿದ ಕೆಲವು ಬಗೆಯ ಲ್ಯುಕೇಮಿಯಾ ಮತ್ತು ಲಿಂಫೋಮಾ ರೋಗಗಳಲ್ಲಿ ೧೫ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಬಳಸಲು ಕೇಂದ್ರ ಔಷಧ ನಿಯಂತ್ರಣಾಧಿಕಾರಿಗಳು ಅನುಮತಿಯಿತ್ತರು. ೨೦೨೫ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪರಿಣಾಮವನ್ನು ಅಳೆಯಲು ಸಾಧ್ಯವಾದ ರೋಗಿಗಳ ಪೈಕಿ ನೂರಕ್ಕೆ ೭೩ ಮಂದಿಯಲ್ಲಿ ರೋಗವು ಚಿಕಿತ್ಸೆಗೆ ಬಗ್ಗಿತು. ನಮ್ಮ ಬೆಂಗಳೂರು ಹಿಂದೆ ಬಿದ್ದಿಲ್ಲ. ಇಲ್ಲಿನ ಇಮ್ಯುನೀಲ್ ಸಂಸ್ಥೆಯವರು ಲಿಂಫೋಮಾ ರೋಗಕ್ಕಾಗಿ ಸಿದ್ಧಪಡಿಸಿದ ಇದೇ ಬಗೆಯ ಚಿಕಿತ್ಸೆಯು ೨೦೨೫ರ ಜನವರಿಯಲ್ಲಿ ಬಳಕೆಗೆ ಬಂದಿತು. ಕನ್ನಡಿಗರಾದ ನಾವು ಇದಕ್ಕಾಗಿ ಹೆಮ್ಮೆಪಡುವೆವು. ಆದರೆ ಹೆಮ್ಮೆಯು ವಿವೇಕವನ್ನು ಮರೆಸಬಾರದು. ಈ ಚಿಕಿತ್ಸೆಯು ಎಲ್ಲರಿಗೂ ಹತ್ತುವುದಿಲ್ಲ. ಹತ್ತಿದವರಲ್ಲಿಯೂ ಕೆಲವರಿಗೆ ರೋಗ ಮರುಕಳಿಸುವುದುಂಟು. ಕಣಗಳ ಹೋರಾಟದಿಂದ ತೀವ್ರ ಜ್ವರ ಹುಟ್ಟಿ ಪ್ರಾಣಾಪಾಯ ಒದಗುವುದೂ ಉಂಟು. ಇದು ನುರಿತ ಆಸ್ಪತ್ರೆಗಳಲ್ಲಿ ನಡೆಯತಕ್ಕ ಕೆಲಸವೇ ಹೊರತು ಬೀದಿಗೊಂದು ಅಂಗಡಿಯಲ್ಲಿ ಮಾರತಕ್ಕ ಸರಕಲ್ಲ.

ಇನ್ನು ಬೆಲೆಯ ಮಾತು. ಮುಂಬಯಿಯ ಚಿಕಿತ್ಸೆಗೆ ಬಿಡುಗಡೆಯ ಕಾಲದಲ್ಲಿ ಹೇಳಲಾದ ಬೆಲೆ ಸುಮಾರು ೪೦ ಲಕ್ಷ ರೂಪಾಯಿ. ಅಮೆರಿಕದ ಬೆಲೆಯ ಮುಂದಿಟ್ಟರೆ ಇದು ಅಗ್ಗವೇ ಸರಿ. ಆದರೆ ನಮ್ಮ ರೈತನು ಅಮೆರಿಕದ ಬೆಲೆಯೊಡನೆ ಹೋಲಿಸಿ ನೋಡುವುದಿಲ್ಲ. ತನ್ನ ಎರಡು ಎಕರೆ ಬೆದ್ದಲಿನ ಬೆಲೆಯೊಡನೆ ಹೋಲಿಸಿ ನೋಡುವನು. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗಿನ ಆಶ್ರಯವುಂಟು. ಲಕ್ಷಾಂತರ ಜನಕ್ಕೆ ಉಪಕಾರವಾಗಿರುವ ಆ ಯೋಜನೆಯನ್ನು ನಾವು ಹಳಿಯೆವು. ಆದರೆ ೪೦ ಲಕ್ಷಕ್ಕೆ ೫ ಲಕ್ಷ ಎಂಟನೆಯ ಒಂದು ಪಾಲು. ಎಂಟು ಮೆಟ್ಟಿಲಿನ ಬಾವಿಗೆ ಒಂದು ಮೊಳದ ಹಗ್ಗವನ್ನು ಇಳಿಬಿಟ್ಟರೆ ನೀರು ಬಾರದು.

ಇಲ್ಲಿ ಎರಡು ಆಕ್ಷೇಪಣೆಗಳನ್ನು ನಾವು ಊಹಿಸಬಲ್ಲೆವು. ಮೊದಲನೆಯದು: ಕುಡಿಯುವ ನೀರಿಗೇ ಹಣವಿಲ್ಲದ ನಾಡಿನಲ್ಲಿ ಒಬ್ಬನಿಗಾಗಿ ೪೦ ಲಕ್ಷವನ್ನು ವೆಚ್ಚಮಾಡುವುದು ನ್ಯಾಯವೆ? ಪ್ರಶ್ನೆಯು ತೂಕದ್ದೇ. ಒಬ್ಬೊಬ್ಬನಿಗೂ ಈಗಿನ ಬೆಲೆಯನ್ನು ತೆತ್ತು ಸರಕಾರವು ದಿವಾಳಿಯಾಗಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಇಮಾಟಿನಿಬ್ ಗುಳಿಗೆಯೂ ಒಂದು ಕಾಲಕ್ಕೆ ಶ್ರೀಮಂತರ ಸೊತ್ತಾಗಿತ್ತೆಂಬುದನ್ನು ಮರೆಯಬಾರದು. ತಯಾರಕರ ಸಂಖ್ಯೆಯು ಹೆಚ್ಚಿದಂತೆ, ಖರೀದಿಯು ಒಟ್ಟಾಗಿ ನಡೆದಂತೆ, ಬೆಲೆಯು ಇಳಿಯುವುದು. ಎಲ್ಲ ರಾಜ್ಯಗಳೂ ಕೇಂದ್ರವೂ ಕೂಡಿ ಒಂದೇ ಖರೀದಿದಾರನಾಗಿ ಮಾತನಾಡಿದರೆ ಮಾರುವವನ ದನಿ ತಗ್ಗುವುದು. ಎರಡನೆಯ ಆಕ್ಷೇಪಣೆ: ಕಂಪೆನಿಯವರು ಹಾಕಿದ ಬಂಡವಾಳವು ಹಿಂದಿರುಗದಿದ್ದರೆ ಮುಂದಿನ ಶೋಧನೆಯನ್ನು ಮಾಡುವವರಾರು? ಇದೂ ಸರಿ. ಆದರೆ ಮುಂಬಯಿಯ ಚಿಕಿತ್ಸೆಗೆ ಬುನಾದಿಯಾದುದು ಸರಕಾರೀ ವಿದ್ಯಾಸಂಸ್ಥೆ. ಧನಸಹಾಯವನ್ನಿತ್ತವರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿದೆ. ಎಂದಮೇಲೆ ತೆರಿಗೆ ಕೊಟ್ಟ ಬಡವನೂ ಈ ಔಷಧದ ಪಾಲುಗಾರನೇ ಆಗಿರುವನು. ಸಾರ್ವಜನಿಕ ಹಣದಿಂದ ಬೆಳೆದ ಔಷಧದ ಒಂದು ಪಾಲು ಸಾರ್ವಜನಿಕ ಆಸ್ಪತ್ರೆಗಳಿಗೆ ಅಸಲು ಬೆಲೆಯಲ್ಲಿ ದೊರೆಯಬೇಕೆಂಬ ಕರಾರನ್ನು ಧನಸಹಾಯದ ಪತ್ರದಲ್ಲಿಯೇ ಬರೆದಿಡುವುದು ಅನ್ಯಾಯವಾಗಲಾರದು. ೨೦೨೫ರ ಸೆಪ್ಟೆಂಬರ್ ೨೨ರಿಂದ ಮೂವತ್ತಕ್ಕೂ ಹೆಚ್ಚು ಪ್ರಾಣರಕ್ಷಕ ಔಷಧಗಳ ಮೇಲಣ ಜಿ.ಎಸ್.ಟಿ. ತೆರಿಗೆಯನ್ನು ಪೂರ್ತಿಯಾಗಿ ತೆಗೆದುಹಾಕಿದುದು ಸ್ವಾಗತಾರ್ಹ. ಅವುಗಳಲ್ಲಿ ಮೈಲೋಮಾ ರೋಗದ ಡಾರಾಟುಮುಮ್ಯಾಬ್ ಸಹ ಇದೆ. ರೋಗದ ಮೇಲೆ ತೆರಿಗೆ ಹಾಕುವುದು ಪ್ರಜಾರಾಜ್ಯಕ್ಕೆ ಶೋಭೆಯಲ್ಲವೆಂಬ ತತ್ತ್ವವನ್ನು ಸರಕಾರದವರು ಒಪ್ಪಿದಂತಾಯಿತು.

ಹೊಸ ಔಷಧದ ವಿಚಾರವನ್ನೇ ಇಷ್ಟು ಹೇಳಿದೆವಾದರೂ, ಹಳೆಯ ಔಷಧದಿಂದ ಉಳಿಯಬಹುದಾದ ಮಗುವು ಜಿಲ್ಲೆಯಲ್ಲಿ ರೋಗ ಗುರುತಾಗದೆಯೇ ಸಾಯುವುದು ನಮಗೆ ಹೆಚ್ಚು ಸಂಕಟದ ವಿಷಯವಾಗಿದೆ. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ವಸಡಿನ ರಕ್ತ, ಕುತ್ತಿಗೆಯ ಗಳಲೆ, ಎಲುಬಿನ ನೋವು ಇವುಗಳನ್ನು ಕಂಡಾಗ ಒಂದು ರಕ್ತಕಣಗಳ ಎಣಿಕೆ, ಗಾಜಿನ ಮೇಲೆ ಒಂದು ಹನಿ ರಕ್ತವನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇಷ್ಟರಿಂದಲೇ ಸಂಶಯವು ಹುಟ್ಟಬಲ್ಲದು. ಇದಕ್ಕೆ ಲಕ್ಷಗಳು ಬೇಕಾಗಿಲ್ಲ. ನೋಡಬಲ್ಲ ಒಂದು ಜೊತೆ ಕಣ್ಣು ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಧೂಳು ಹಿಡಿದು, ಪ್ರಯೋಗಶಾಲೆಯ ಹುದ್ದೆಯು ಖಾಲಿಯಿದ್ದು, ಮಗುವಿಗೆ ತಿಂಗಳುಗಟ್ಟಲೆ ಜ್ವರದ ಗುಳಿಗೆಯನ್ನೂ ಕಬ್ಬಿಣದ ಟಾನಿಕನ್ನೂ ಕೊಡುತ್ತಿದ್ದರೆ, ಬೆಂಗಳೂರಿನಲ್ಲಿ ಎಂಥ ವಿದ್ವಾಂಸರಿದ್ದೂ ಪ್ರಯೋಜನವೇನು?

ರೋಗ ಗುರುತಾದ ಮೇಲೆಯೂ ಕಷ್ಟ ತೀರದು. ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯು ಎರಡು ಮೂರು ವರ್ಷಗಳ ವ್ರತವಿದ್ದಂತೆ. ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ನಾಡಿನ ಬಡವರ ದೊಡ್ಡ ಆಶ್ರಯವಾಗಿದೆ; ಆದರೆ ಬೀದರಿನಿಂದಲೋ ರಾಯಚೂರಿನಿಂದಲೋ ಬಂದ ತಂದೆಯು ಎಷ್ಟು ಸಲ ಕೂಲಿಯನ್ನು ಬಿಟ್ಟು, ಎಷ್ಟು ರಾತ್ರಿ ಆಸ್ಪತ್ರೆಯ ಹೊರಗೆ ಮಲಗಿಯಾನು? ಮೊದಲ ಕೆಲವು ತಿಂಗಳಲ್ಲಿ ಮಗುವಿನ ಮುಖ ಕಳೆಯೇರಿದುದನ್ನು ಕಂಡು ಗುಣವಾಯಿತೆಂದು ತಿಳಿದು ಊರಿಗೆ ಹೋದವರು ಹಿಂದಿರುಗುವಾಗ ರೋಗವೂ ಹಿಂದಿರುಗಿರುವುದು. ಇದು ಅಜ್ಞಾನವೆಂದು ಅಧಿಕಾರಿಗಳು ಬರೆದುಕೊಳ್ಳುವರು; ನಾವು ಇದನ್ನು ಬಡತನವೆಂದು ಕರೆಯುವೆವು. ೨೦೨೫ರ ಫೆಬ್ರವರಿಯ ಕೇಂದ್ರ ಆಯವ್ಯಯದಲ್ಲಿ, ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿಯೂ ಕ್ಯಾನ್ಸರಿನ ಹಗಲು ಚಿಕಿತ್ಸಾ ಕೇಂದ್ರಗಳನ್ನು ತೆರೆಯುವೆವೆಂದೂ ೨೦೨೫-೨೬ರಲ್ಲಿ ೨೦೦ ಕೇಂದ್ರಗಳೆಂದೂ ವಚನವಿತ್ತಿರುವರು. ಆ ವಚನವು ನಾಮಫಲಕದಲ್ಲಿ ಮುಗಿಯಬಾರದು. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಆರಂಭಿಸಿದ ಮಗುವಿಗೆ ಉಳಿದ ಔಷಧವನ್ನು ತನ್ನ ಜಿಲ್ಲೆಯಲ್ಲಿಯೇ, ತರಬೇತಿ ಪಡೆದ ದಾದಿಯ ಕೈಯಿಂದ, ಬೆಂಗಳೂರಿನ ವೈದ್ಯರ ಮಾರ್ಗದರ್ಶನದಲ್ಲಿ ಕೊಡುವಂತಾದರೆ, ಅದೊಂದೇ ಕ್ರಮದಿಂದ ಉಳಿಯುವ ಜೀವಗಳು ಕಡಮೆಯೇನಲ್ಲ. ಈ ಸಾಲುಗಳನ್ನು ಓದುವ ಜಿಲ್ಲಾಧಿಕಾರಿಗಳೂ ವೈದ್ಯಾಧಿಕಾರಿಗಳೂ ತಮ್ಮ ಜಿಲ್ಲೆಯ ಲೆಕ್ಕವನ್ನು ತಾವೇ ಒಮ್ಮೆ ತರಿಸಿ ನೋಡಬೇಕೆಂದು ನಮ್ಮ ಬಿನ್ನಹ.

ಸರಕಾರದವರನ್ನು ಎಚ್ಚರಿಸಿ ನಾಗರಿಕರು ಕೈಕಟ್ಟಿ ಕುಳಿತುಕೊಳ್ಳುವುದು ನಮಗೆ ಸಮ್ಮತವಲ್ಲ. ಕೆಲವು ರೋಗಿಗಳಿಗೆ ಇನ್ನೊಬ್ಬರ ಮಜ್ಜೆಯ ಮೂಲಕಣಗಳೇ ಪ್ರಾಣಾಧಾರ. ನಮ್ಮ ದೇಶದಲ್ಲಿ ಈ ಕಸಿಯು ೧೯೮೩ರಲ್ಲಿ ಟಾಟಾ ಆಸ್ಪತ್ರೆಯಲ್ಲಿ ಮೊದಲಾಯಿತು. ಒಡಹುಟ್ಟಿದವರೊಡನೆ ಹೊಂದಿಕೆ ದೊರೆಯುವ ಸಂಭವ ನಾಲ್ಕರಲ್ಲಿ ಒಂದು. ಪೂರ್ಣ ಹೊಂದಿಕೆ ಬೇಕಾದ ಉಳಿದವರು ಅಪರಿಚಿತ ದಾನಿಯನ್ನು ಹುಡುಕಬೇಕು. ಸುಮಾರು ೮ ಕೋಟಿ ಜನರಿರುವ ಜರ್ಮನಿಯಲ್ಲಿ ದಾನಿಗಳಾಗಿ ಹೆಸರು ಬರೆಸಿದವರು ೯೦ ಲಕ್ಷಕ್ಕೂ ಹೆಚ್ಚು. ನೂರು ಕೋಟಿ ಮೀರಿದ ನಮ್ಮಲ್ಲಿ ಕೆಲವು ಲಕ್ಷ ಮಾತ್ರ. ಹೊಂದಿಕೆಯು ಬಹುಮಟ್ಟಿಗೆ ಒಂದೇ ಮೂಲದ ಜನರಲ್ಲಿ ದೊರೆಯುವುದರಿಂದ ನಮ್ಮವರಿಗೆ ಜರ್ಮನಿಯ ಪಟ್ಟಿಯು ಹೆಚ್ಚಾಗಿ ಒದಗದು. ಹೆಸರು ಬರೆಸಲು ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರಸಿಕೊಟ್ಟರೆ ಸಾಕು. ಹೊಂದಿಕೆ ಬಂದರೆ ಬಹುಪಾಲು ಸಂದರ್ಭಗಳಲ್ಲಿ ತೋಳಿನ ರಕ್ತದಿಂದಲೇ ಮೂಲಕಣಗಳನ್ನು ಬೇರ್ಪಡಿಸಿಕೊಳ್ಳುವರು. ಚೆನ್ನೈಯ ದಾತ್ರಿ ಸಂಸ್ಥೆಯೂ ಬೆಂಗಳೂರಿನಲ್ಲಿ ಡಿ.ಕೆ.ಎಂ.ಎಸ್. ಸಂಸ್ಥೆಯೂ ಈ ಕಾರ್ಯವನ್ನು ನಡೆಸುತ್ತಿವೆ. ಯುವಕಸಂಘಗಳೂ ಕಾಲೇಜುಗಳೂ ಒಂದೊಂದು ವಾರ್ಷಿಕೋತ್ಸವದ ವಾದ್ಯದ ಖರ್ಚನ್ನು ಉಳಿಸಿ ಈ ಪಟ್ಟಿಗೆ ನೂರು ಹೆಸರನ್ನು ಸೇರಿಸಲಾರವೆ? ರಕ್ತವನ್ನೂ ಪ್ಲೇಟ್‌ಲೆಟ್ ಕಣಗಳನ್ನೂ ಜಾತಿಯನ್ನು ಕೇಳದೆ ಕೊಡುವುದಕ್ಕಿಂತ ದೊಡ್ಡ ಜಾತಿನಿರ್ಮೂಲನ ಭಾಷಣವನ್ನು ನಾವು ಕೇಳಿಲ್ಲ.

ಪತ್ರಿಕೆಗಳಿಗೂ ಒಂದು ಕರ್ತವ್ಯವುಂಟು. ಕ್ಯಾನ್ಸರನ್ನು ನಲವತ್ತು ದಿನಗಳಲ್ಲಿ ಗುಣಪಡಿಸುವೆವೆಂಬಂಥ ಜಾಹೀರಾತುಗಳು ೧೯೫೪ರ ಕಾನೂನಿಗೆ ವಿರೋಧವಾದುವು. ಆದರೂ ಅಲ್ಲಲ್ಲಿ ತಲೆಯೆತ್ತುತ್ತಲೇ ಇವೆ. ಮೋಸಗಾರನಿಗೆ ಹಣಕ್ಕಿಂತಲೂ ಹೆಚ್ಚಾಗಿ ಸಲ್ಲುವುದು ರೋಗಿಯ ಕಾಲ. ಆ ಕಳೆದುಹೋದ ಎರಡು ತಿಂಗಳು ಮತ್ತೆ ಬಾರದು. ಅಂಥ ಹಣದಿಂದ ನಡೆಯುವ ಪತ್ರಿಕೆಯು ದೇಶಸೇವೆಯ ಮಾತನ್ನಾಡಬಾರದು.

ಸಂಕ್ಷೇಪವಾಗಿ ನಮ್ಮ ಅರಿಕೆಯಿದು. ತಾಲ್ಲೂಕಿನಲ್ಲಿ ರಕ್ತಪರೀಕ್ಷೆಯು ನಿಜವಾಗಿ ನಡೆಯಲಿ. ಜಿಲ್ಲೆಯ ಹಗಲು ಚಿಕಿತ್ಸಾ ಕೇಂದ್ರದಲ್ಲಿ ಹಳೆಯ ಔಷಧಗಳು ಒಂದು ದಿನವೂ ತಪ್ಪದೆ ದೊರೆಯಲಿ. ದೂರದಿಂದ ಬಂದ ತಂದೆತಾಯಿಗಳಿಗೆ ಆಸ್ಪತ್ರೆಯ ಬಳಿ ಛತ್ರವೂ ಅನ್ನವೂ ಇರಲಿ. ಹೊಸ ಚಿಕಿತ್ಸೆಯನ್ನು ರಾಜ್ಯಗಳು ಕೂಡಿ ಕೊಳ್ಳಲಿ. ಸಾರ್ವಜನಿಕ ಹಣಕ್ಕೆ ಸಾರ್ವಜನಿಕ ಕರಾರು ಇರಲಿ. ನಾಡಿನ ತರುಣರು ದಾನಿಗಳ ಪಟ್ಟಿಯನ್ನು ತುಂಬಲಿ. ಇವುಗಳಲ್ಲಿ ಒಂದೂ ಅಸಾಧ್ಯವಾದುದಲ್ಲ, ಒಂದಕ್ಕೂ ಹೊಸ ಶೋಧನೆಯ ಅವಶ್ಯಕತೆಯಿಲ್ಲ. ಖಾದಿಯನ್ನುಟ್ಟುದಕ್ಕಾಗಿ ಪದವಿಯನ್ನು ಕಳೆದುಕೊಂಡು ಸಮುದ್ರದಾಚೆಗೆ ಹೋದ ಸುಬ್ಬರಾಯರು ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸಿದರು. ಆಗ ನಮಗೆ ಸ್ವರಾಜ್ಯವಿರಲಿಲ್ಲ, ಈಗ ಇದೆ. ಅವರ ಔಷಧವು ಭೀಮವರದ ಮಗುವಿಗೂ ಬೀದರಿನ ಮಗುವಿಗೂ ಬಾಸ್ಟನ್ನಿನ ಮಗುವಿಗೆ ಮುಟ್ಟಿದಂತೆಯೇ ಮುಟ್ಟಿದ ದಿನ ಆ ಸ್ವರಾಜ್ಯವು ರೋಗಿಯ ಹಾಸಿಗೆಯವರೆಗೂ ಬಂದಿತೆಂದು ನಾವು ಧೈರ್ಯವಾಗಿ ಹೇಳಬಹುದು.